ಉಳಿದ ಮೂವತ್ತೆಂಟು ಪುಟ

ಇಲ್ಲವೆಂದು ಗೊತ್ತಿದ್ದೂ ಗುರುಬಸವರಾಜ ಓಮ್ನಿಯ ಹಿಂಬಾಗಿಲೆತ್ತಿ, ಪೊಲೀಸ್ ಪರೀಕ್ಷೆಯ ಗೈಡುಗಳ ಹಿಂದೆ ಕೈ ತೂರಿಸಿ ತಡಕಿ ನೋಡಿದ. ಎರಡು ಬೆರಳಗಲದ ಸಂದಿ ಖಾಲಿಯೇ ಇತ್ತು. ನಿನ್ನೆ ಸಂಜೆ ನಾಲ್ಕರವರೆಗೆ ಅಲ್ಲೊಂದು ಹಳೆಯ ಕಾದಂಬರಿ ಇತ್ತು. ಮುಖಪುಟ ಕಿತ್ತುಹೋಗಿ, ಅದರ ಜೊತೆಗೇ ಪುಸ್ತಕದ ಹೆಸರೂ ಬರೆದವರ ಹೆಸರೂ ಹೋಗಿದ್ದವು. ಅದನ್ನು ಅವನೇ ಮಾರಿದ್ದ. ಪುಸ್ತಕ ಮಾರಲೆಂದೇ ವಾರವಿಡೀ ಊರೂರು ತಿರುಗುವವನು ಒಂದು ಪುಸ್ತಕ ಮಾರಿಬಿಟ್ಟೆನಲ್ಲ ಎಂದು ಬೆಳಗಾಗೆದ್ದು ಸಂಕಟಪಡುತ್ತಾನೆಂದರೆ ಕೇಳಿದವರು ನಗಬೇಕು. ಹೆಂಡತಿ ಗಂಗಾಂಬಿಕಾ ಊಟದ ಡಬ್ಬಿಯನ್ನು ಮುಂದಿನ ಸೀಟಿನ ಮೇಲಿಟ್ಟು, "ಏನ್ ಹುಡುಕಾಕತ್ತೀರಿ?" ಎಂದಳು. "ಏನಿಲ್ಲ" ಎಂದ. "ಏನಿಲ್ಲದ್ದನ್ನ ಹುಡುಕಾಕ ಇಷ್ಟೊತ್ತು ಬೇಕೇನು?" ಎಂದು ಅವಳು ಉತ್ತರಕ್ಕೂ ಕಾಯದೆ ಒಳಗೆ ಹೋದಳು. ಇಂದು ಗುರುವಾರ. ಗುರುವಾರವೆಂದರೆ ಹಗರಿಬೊಮ್ಮನಹಳ್ಳಿ. ಹಗರಿಬೊಮ್ಮನಹಳ್ಳಿಯೆಂದರೆ ಕೆಂಚಕ್ಕ. ಹನ್ನೊಂದು ಗಂಟೆಗೆ ಅವಳು ಬಂದು ಇದೇ ಸಂದಿಯಲ್ಲಿ ಕೈಯಿಡುತ್ತಾಳೆ, ಇದೇ ಖಾಲಿ ಜಾಗ ಅವಳ ಕೈಗೂ ತಗಲುತ್ತದೆ. ಅಷ್ಟೇ ವಿಷಯ. ಅಷ್ಟೇ ಎಂದು ಎರಡು ಸಲ ಅಂದುಕೊಂಡು ಗಾಡಿ ಚಾಲೂ ಮಾಡಿದ.

ಸೋಮವಾರ ಹರಪನಹಳ್ಳಿ, ಮಂಗಳವಾರ ಹಡಗಲಿ, ಬುಧವಾರ ತನ್ನದೇ ಊರು ಕೊಟ್ಟೂರು, ಗುರುವಾರ ಹಗರಿಬೊಮ್ಮನಹಳ್ಳಿ, ಶನಿವಾರ ಕೂಡ್ಲಿಗಿ. ಆರು ವರ್ಷದಿಂದ ಇದೇ ಸುತ್ತು. ಹಿಂದಿನ ಸೀಟು ಕಿತ್ತು ಹಲಗೆ ಹೊಡೆಸಿದ ಓಮ್ನಿ, ಅದರ ತುಂಬ ಗೈಡು, ಪಂಚಾಂಗ, ವಚನದ ಪುಸ್ತಕ, ಮಕ್ಕಳ ಚಿತ್ರದ ಕತೆ, ಕೆಳಗಿನ ಹಲಗೆಯಲ್ಲಿ ಹಳೆಯ ಕಾದಂಬರಿಗಳು. ಬೊಮ್ಮನಹಳ್ಳಿಯಲ್ಲಿ ಅವನು ನಿಲ್ಲುವುದು ಓಬಣ್ಣನ ಹಿಟ್ಟಿನ ಗಿರಣಿಯ ಪಕ್ಕದ ಬೇವಿನ ಮರದ ಕೆಳಗೆ. ಗಿರಣಿಯಲ್ಲಿ ಒಂದು ಪದ್ಧತಿಯಿದೆ. ಕಾಳಿನ ಡಬ್ಬಿಯನ್ನು ಸಾಲಿನಲ್ಲಿಟ್ಟರೆ ಸಾಕು, ಡಬ್ಬಿ ಇದ್ದರೆ ಮನುಷ್ಯ ಇದ್ದಂತೆಯೇ ಲೆಕ್ಕ. ಆಮೇಲೆ ಆ ಮನುಷ್ಯ ಚಹಾ ಕುಡಿಯಬಹುದು, ಸಂತೆಗೆ ಹೋಗಬಹುದು, ಮಾತಾಡುತ್ತ ಕೂರಬಹುದು. ಕೆಂಚಕ್ಕ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ವಾರಕ್ಕೊಮ್ಮೆ ಬಿಳಿಜೋಳದ ದೊಡ್ಡ ಡಬ್ಬಿ ಹೊತ್ತು ತಂದು ಸಾಲಿನಲ್ಲಿಟ್ಟು, ಗಾಡಿಯ ಆಚೆ ಬದಿಗೆ, ಜನರ ಕಣ್ಣಿಗೆ ಬೀಳದ ಕಡೆಗೆ ಬಂದು ನಿಲ್ಲುತ್ತಿದ್ದಳು. ಅವನು ಅತ್ತ ಹೋದರೆ ಪುಸ್ತಕ ಒಳಗೆ ಸರಿಸಿ, "ರೇಟು ನೋಡಾಕತ್ತಿದ್ದೆ" ಎನ್ನುತ್ತಿದ್ದಳು. "ನೋಡ್ರಿ ನೋಡ್ರಿ" ಎಂದು ಅವನು ಈಚೆ ಬರುತ್ತಿದ್ದ. ಆಮೇಲಾಮೇಲೆ ಅತ್ತ ಹೋಗುವುದನ್ನೇ ಬಿಟ್ಟ. ಡ್ರೈವರ್ ಸೀಟಿನಲ್ಲಿ ಪೇಪರು ಹಿಡಿದು ಕೂತರೆ ಬದಿಯ ಕನ್ನಡಿಯಲ್ಲಿ ಅವಳ ತುಟಿ ಅಲುಗುವುದು ಕಾಣುತ್ತಿತ್ತು. ಅವಳು ಒಂದೊಂದೇ ಪದವನ್ನು ಬಾಯಿಗೆ ತಂದುಕೊಂಡು ಓದುವವಳು. ಗಿರಣಿಯಲ್ಲಿ ಗದ್ದಲವಿದ್ದ ವಾರ ಐದಾರು ಪುಟ, ಜನ ಕಡಿಮೆಯಿದ್ದರೆ ಎರಡೇ, ಕರೆಂಟು ಹೋದ ವಾರ ಇಪ್ಪತ್ತು. ಊರೆಲ್ಲ ಕರೆಂಟಿಗೆ ಶಾಪ ಹಾಕುತ್ತಿರುವಾಗ ಅವಳೊಬ್ಬಳ ಮುಖ ಮಾತ್ರ ಅರಳುವುದನ್ನು ಕನ್ನಡಿಯಲ್ಲಿ ನೋಡಿ ಅವನಿಗೆ ನಗು ಬರುತ್ತಿತ್ತು.

ಒಂದು ಗುರುವಾರ ಸಂಜೆ ಹಲಗೆ ಜೋಡಿಸುವಾಗ ಆ ಕಾದಂಬರಿ ತನ್ನ ಜಾಗ ಬಿಟ್ಟು ಗೈಡುಗಳ ಹಿಂದೆ ಅಡಗಿ ಕೂತದ್ದು ಅವನ ಕೈಗೆ ಸಿಕ್ಕಿತ್ತು. ಬಿಡಿಸಿ ನೋಡಿದರೆ ನಾಲ್ಕೈದು ಪುಟಕ್ಕೊಮ್ಮೆ ಮೂಲೆಯಲ್ಲಿ ಹೆಬ್ಬೆರಳಿನ ಬಿಳಿ ಗುರುತು. ಗಿರಣಿಗೆ ಹೋಗಿ ಬಂದ ಕೈಗೆ ಹಿಟ್ಟು ಅಂಟದೆ ಇರುವುದಿಲ್ಲ. ಗುರುತು ಅರವತ್ತೊಂದನೆಯ ಪುಟದವರೆಗೆ ಬಂದಿತ್ತು. ಬೇರೆಯವರು ಕೊಂಡುಬಿಟ್ಟಾರು ಎಂದು ಅವಳೇ ಬಚ್ಚಿಟ್ಟಿದ್ದಳು. ಅವನು ಅದನ್ನು ಇದ್ದಲ್ಲೇ ಇಟ್ಟ. ಅಂದಿನಿಂದ ಆ ಪುಸ್ತಕ ಐದು ಊರು ಸುತ್ತಿದರೂ ಯಾರ ಕಣ್ಣಿಗೂ ಬೀಳಲಿಲ್ಲ. ಹೋದ ದೀಪಾವಳಿಗೆ ಶುರುವಾದ ಓದು ಹೋದ ವಾರ ಇನ್ನೂರಾ ಆರನೆಯ ಪುಟಕ್ಕೆ ಬಂದು ನಿಂತಿತ್ತು. ಒಟ್ಟು ಇನ್ನೂರಾ ನಲವತ್ನಾಲ್ಕು. ಮೂವತ್ತೆಂಟು ಉಳಿದಿತ್ತು. ಇಡೀ ವರ್ಷ ಅದರ ಬಗ್ಗೆ ಒಂದು ಮಾತೂ ಆಡದೆ ಅವರಿಬ್ಬರು ಸೇರಿ ಒಂದು ಪುಸ್ತಕವನ್ನು ಕಾಪಾಡಿಕೊಂಡು ಬಂದಿದ್ದರು. ಅವನೂ ಕಾಪಾಡುತ್ತಿರುವುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದರಲ್ಲೇ ಅವನಿಗೊಂದು ಸುಖವಿತ್ತು, ಸ್ವಲ್ಪ ದೊಡ್ಡಸ್ತಿಕೆಯ ಸುಖ. ಅದನ್ನು ಈಗ ಒಪ್ಪಿಕೊಳ್ಳಲೇಬೇಕು.

ರೈಲ್ವೆ ಗೇಟು ಹಾಕಿತ್ತು. ಇಂಜಿನ್ ಬಂದ್ ಮಾಡಿ ಕೂತ. ನಿನ್ನೆ ಕೇಳಿದ್ದರೆ, ಪುಸ್ತಕ ಕೊಂಡ ಆ ಕಾಲೇಜು ಲೆಕ್ಚರರ್ ಶಿವಶಂಕರ ಬಾಯಿಬಿಟ್ಟು ಕೇಳಿದ್ದರೆ, ತಾನು ಇಲ್ಲವೆನ್ನಲಾಗದೆ ಕೊಟ್ಟಿದ್ದರೆ ಮನಸ್ಸಿಗೆ ಒಂದು ನೆವವಾದರೂ ಇರುತ್ತಿತ್ತು. ಯಾರೂ ಕೇಳಿರಲಿಲ್ಲ. ಶಿವಶಂಕರ ಜೊತೆಗೊಬ್ಬರನ್ನು ಕರೆದುಕೊಂಡು ಬಂದಿದ್ದರು. ಹಲಗೆಗಳ ಮೇಲೆ ಕಣ್ಣಾಡಿಸಿ, "ಇದ್ರಾಗ ಏನೈತ್ರಿ, ಬರೇ ಗೈಡು, ಪಂಚಾಂಗ. ಸಾಹಿತ್ಯ ಅಂಬೋದು ಇಲ್ಲಿ ಎಲ್ಲಿಂದ ಬರಬೇಕು" ಎಂದು ಆ ಜೊತೆಯವರಿಗೆ ಹೇಳಿದ್ದರು, ಇವನಿಗೆ ಹೇಳಿದ್ದೂ ಅಲ್ಲ. ಗುಜರಿ ಅಂಗಡಿಯ ಮುಂದೆ ನಿಂತು ಮಾತಾಡಿದ ಹಾಗೆ ಮಾತಾಡಿ ಹೊರಟೇಬಿಟ್ಟಿದ್ದರು. ಆಗ ಕೈ ತಾನಾಗಿಯೇ ಗೈಡುಗಳ ಹಿಂದೆ ಹೋಯಿತು. ತಾನಾಗಿಯೇ ಎನ್ನುವುದೂ ಸುಳ್ಳು. ಕೈಗೆ ಎಲ್ಲಿ ಹೋಗಬೇಕೆಂದು ಗೊತ್ತಿತ್ತು, ಯಾಕೆ ಹೋಗಬಾರದೆಂದೂ ಗೊತ್ತಿತ್ತು. "ಸರ್, ಇದನ್ನ ನೋಡ್ರಿ, ಇದು ಎಲ್ಲೂ ಸಿಗಾಂಗಿಲ್ಲ." ಶಿವಶಂಕರ ತಿರುಗಿ ಬಂದರು, ನಾಲ್ಕು ಸಾಲು ಓದಿದರು, ಹುಬ್ಬೇರಿಸಿದರು. "ನೀವು ಓದೀರೇನು ಇದನ್ನ?" ಎಂದರು. "ಓದಲಾರದ ಮಾರ್ತೀನೇನ್ರಿ ಸರ್" ಎಂದ. "ಭಾರಿ ಐತ್ರಿ ನಿಮ್ಮ ಕಲೆಕ್ಷನ್ನು" ಎಂಬ ಒಂದು ಮಾತು ಬಂತು. ಆ ಮಾತಿಗೆ ಪುಸ್ತಕ ಹೋಯಿತು. ದುಡ್ಡು ಕೊಡುವ ಮುಂಚೆ ಪುಟವೊಂದರ ಮೂಲೆಯನ್ನು ಅವರು ಕರ್ಚೀಫಿನಿಂದ ಒರೆಸಿ, "ಏನ್ರಿ ಇದು, ಪೌಡರಾ?" ಎಂದದ್ದನ್ನು ನೋಡುತ್ತ ನಿಂತಿದ್ದ. ಆಗಲಾದರೂ ಬೇಡ ಸರ್ ಎನ್ನಬಹುದಿತ್ತು. ಅನ್ನಲಿಲ್ಲ. ಸಾಲದ್ದಕ್ಕೆ ಅವರ ಜೊತೆ ತಾನೂ ನಕ್ಕ.

ಗೇಟು ತೆರೆಯಿತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿ ಅಂಚಿಗೆ ಕಲ್ಲಿಟ್ಟಿದ್ದರು. ಅದನ್ನು ತುಳಿಯದಂತೆ ಗಾಡಿ ಓಡಿಸುವುದರಲ್ಲಿ ಒಂದಿಷ್ಟು ಹೊತ್ತು ಮನಸ್ಸು ತಣ್ಣಗಿತ್ತು. ಓದಲಾರದ ಮಾರ್ತೀನೇನ್ರಿ. ಎಷ್ಟು ಸಲ ಹೇಳಿದ್ದಾನೆ ಈ ಮಾತನ್ನು. ನಿಜವೆಂದರೆ ಅವನು ಯಾವ ಪುಸ್ತಕವನ್ನೂ ಮೂವತ್ತು ಪುಟದಾಚೆಗೆ ಓದುವುದಿಲ್ಲ. ಮೂವತ್ತು ಪುಟ ಓದಿದರೆ ಮಾರಲು ಸಾಕು. ಗಿರಾಕಿಗೆ ಆಸೆ ಹುಟ್ಟಿಸಬೇಕಾದದ್ದು ಶುರುವಿನಿಂದ, ಕೊನೆಯನ್ನು ಹೇಳಿದರೆ ಯಾರು ಕೊಳ್ಳುತ್ತಾರೆ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಆರು ವರ್ಷ ಸಾಗಿತ್ತು. ಕೂಡ್ಲಿಗಿಯ ಹೈಸ್ಕೂಲು ಮಕ್ಕಳು "ಎಲ್ಲಾ ಪುಸ್ತಕ ಓದೀರೇನ್ರಿ ಅಂಕಲ್?" ಎಂದಾಗ ಸುಮ್ಮನೆ ತಲೆಯಾಡಿಸುತ್ತಾನೆ. ಕೆಂಚಕ್ಕನ ಪುಸ್ತಕವೂ ಮೂವತ್ತೇ ಪುಟ. ಸೋಮವ್ವ ಎಂಬವಳನ್ನು ಅಣ್ಣ ಆಸ್ತಿಯ ಆಸೆಗೆ ಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಗುರುತಿಲ್ಲದ ಊರಿಗೆ ಹೋಗಿ ಒಂದು ಖಾನಾವಳಿ ಇಡುತ್ತಾಳೆ. ಮುಂದೆ ಏನೋ.

ಅವಳ ಓದು ತನಗೆ ಗೊತ್ತೆಂದು ಹೇಳುವುದು ಬೇಡ ಎಂದು ದಾರಿಯಲ್ಲಿ ಗಟ್ಟಿ ಮಾಡಿಕೊಂಡ. ಹೇಳಿದರೆ ಏನಾಗುತ್ತದೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಹೈಸ್ಕೂಲು ಓದಲು ಹರಪನಹಳ್ಳಿಯ ದೊಡ್ಡಮ್ಮ ಉಚ್ಚಂಗೆಮ್ಮನ ಮನೆಯಲ್ಲಿದ್ದಾಗ ಎಷ್ಟು ಉಂಡರೂ ಹಸಿವು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹಿತ್ತಲಿಗೆ ಹೋಗಿ ತಿನ್ನುತ್ತಿದ್ದ. ಕದ್ದ ರೊಟ್ಟಿಗೆ ಚಟ್ನಿ ಬೇಕಿರಲಿಲ್ಲ. ಒಂದು ದಿನ ದೊಡ್ಡಮ್ಮ ತಲೆ ಸವರಿ, ಎಲ್ಲರ ಮುಂದೆ, ಬಹಳ ಅಕ್ಕರೆಯಿಂದ ಹೇಳಿದಳು: "ನೀ ದಿನಾ ಒಂದು ರೊಟ್ಟಿ ತಗೊಳ್ಳೋದು ನನಗ ಗೊತ್ತೈತಪ್ಪ. ನಿನಗಂತನ ಒಂದು ಹೆಚ್ಚು ಬಡೀತೀನಿ." ಮರುದಿನದಿಂದ ಅವನಿಗೆ ಆ ಬುಟ್ಟಿಯ ಹತ್ತಿರ ಹೋಗಲಾಗಲಿಲ್ಲ. ತನ್ನ ಜಾಣತನದಿಂದ ಗಿಟ್ಟಿಸಿಕೊಳ್ಳುತ್ತಿದ್ದ ರೊಟ್ಟಿ ಬೇಡುವವನ ರೊಟ್ಟಿಯಾಗಿತ್ತು. ಎರಡು ವರ್ಷ ಹಸಿದುಕೊಂಡೇ ಓದಿದ. ದೊಡ್ಡಮ್ಮನಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಆದ್ದರಿಂದ ಕೆಂಚಕ್ಕನಿಗೆ ಏನೂ ಹೇಳಬಾರದು. ಹುಡುಕುತ್ತಾಳೆ, ಯಾರೋ ಕೊಂಡರೆಂದುಕೊಳ್ಳುತ್ತಾಳೆ, ಎರಡು ವಾರ ಬೇಸರ ಪಟ್ಟು ಇನ್ನೊಂದು ಪುಸ್ತಕ ಹಿಡಿಯುತ್ತಾಳೆ. ಅವಳು ಬರುವುದು ನಿಂತರೆ? ನಿಂತರೆ ಈ ಐದು ಊರಲ್ಲಿ ಒಂದು ಪುಸ್ತಕಕ್ಕಾಗಿ ವಾರವಿಡೀ ಕಾಯುವ ಒಂದು ಜೀವವೂ ತನಗೆ ಉಳಿಯುವುದಿಲ್ಲ. ಉಳಿದವರು ಪಾಸಾಗಲು ಬರುತ್ತಾರೆ, ತಿಥಿ ನೋಡಲು ಬರುತ್ತಾರೆ. ಅವಳು ಬರಬೇಕು.

ಅವಳು ಹನ್ನೊಂದಕ್ಕೆ ಬಂದಳು. ಡಬ್ಬಿ ಸಾಲಿನಲ್ಲಿ ಒಂಬತ್ತನೆಯದು, ಓದಲು ಒಳ್ಳೆಯ ದಿನ. ಅವನು ಪೇಪರು ಎತ್ತಿ ಹಿಡಿದ. ಕನ್ನಡಿಯಲ್ಲಿ ಅವಳ ಕೈ ಗೈಡುಗಳ ಹಿಂದೆ ಹೋಯಿತು, ನಿಂತಿತು, ಇನ್ನಷ್ಟು ಒಳಗೆ ಹೋಯಿತು. ಗೈಡುಗಳನ್ನು ಒಂದೊಂದಾಗಿ ಸರಿಸಿದಳು. ಕೆಳಗಿನ ಹಲಗೆ ನೋಡಿದಳು, ಮಕ್ಕಳ ಪುಸ್ತಕದ ನಡುವೆ ನೋಡಿದಳು, ಮತ್ತೆ ಮೊದಲಿನ ಜಾಗಕ್ಕೇ ಬಂದಳು. ಕಳೆದುಹೋದ ವಸ್ತುವನ್ನು ಎಲ್ಲರೂ ಹೀಗೆಯೇ ಹುಡುಕುತ್ತಾರೆ, ಒಮ್ಮೆ ನೋಡಿದ ಜಾಗದಲ್ಲಿ ಎರಡನೆಯ ಸಲ ಸಿಕ್ಕೀತು ಎಂಬಂತೆ. ಪೇಪರಿನ ಅಕ್ಷರ ಅವನ ಕಣ್ಣಿಗೆ ಹತ್ತಲಿಲ್ಲ. ಅವಳು ಸುತ್ತು ಹಾಕಿ ಡ್ರೈವರ್ ಬದಿಗೆ ಬಂದಳು. ಹಾಗೆ ಮುಂದಕ್ಕೆ ಬಂದದ್ದು ಇದೇ ಮೊದಲು.

"ಪುಸ್ತಕ ಆಕಡಿದ್ದು ಈಕಡಿ ಇಟ್ಟೀರೇನ್ರಿ?" ಎಂದಳು.

"ಇಲ್ಲಲ್ಲ. ಯಾಕ್ರಿ?"

"ಯಾಕೂ ಇಲ್ಲ. ಹಂಗ ಕೇಳಿದೆ."

ಸೆರಗಿನಲ್ಲಿ ಕೈ ಒರೆಸಿಕೊಂಡು ಗಿರಣಿಯ ಕಡೆಗೆ ಹೋದಳು. ಮುಗಿಯಿತು. ಅಂದುಕೊಂಡ ಹಾಗೆಯೇ ಆಗಿತ್ತು, ಯಾರಿಗೂ ಅವಮಾನವಾಗಿರಲಿಲ್ಲ. ಆದರೆ ಅವಳು ಸಾಲಿನಲ್ಲಿ ತನ್ನ ಡಬ್ಬಿಯ ಪಕ್ಕ ನೆಲಕ್ಕೆ ಕೂತು, ಏನೂ ಮಾಡದೆ, ಎದುರಿನ ಗೋಡೆ ನೋಡುತ್ತಿದ್ದಳು. ಒಂದು ವರ್ಷದಲ್ಲಿ ಅವಳು ಹಾಗೆ ಸುಮ್ಮನೆ ಕೂತದ್ದನ್ನು ಅವನು ನೋಡಿರಲಿಲ್ಲ. ಅವನು ಸೀಟಿನಿಂದ ಇಳಿದ, ಮತ್ತೆ ಹತ್ತಿದ. ಒಬ್ಬ ಹುಡುಗಿ ನವೋದಯ ಪರೀಕ್ಷೆಯ ಪುಸ್ತಕ ಕೇಳಿದಳು, ಕೊಟ್ಟ. ಆಮೇಲೆ ಮತ್ತೆ ಇಳಿದು ನೇರ ಗಿರಣಿಯೊಳಗೆ ನಡೆದ. ಯಾಕೆ ನಡೆದನೆಂದು ಕೇಳಿದರೆ ಅವಳಿಗೋಸ್ಕರ ಎಂದು ಅವನು ಹೇಳಿಯಾನು. ಅದು ಪೂರ್ತಿ ನಿಜವಲ್ಲ. ಹೊಟ್ಟೆಯೊಳಗಿನದನ್ನು ಯಾರದಾದರೂ ತಲೆಗೆ ಕಟ್ಟಿ ಹಗುರಾಗಬೇಕಿತ್ತು, ಅಷ್ಟೇ. ಗಿರಣಿಯ ಸದ್ದಿನಲ್ಲಿ ಮಾತು ಕೇಳುವ ಹಾಗಿರಲಿಲ್ಲ. ಅವಳ ಹತ್ತಿರ ಬಗ್ಗಿ ಒಮ್ಮೆ ಹೇಳಿದ, ಕೇಳಿಸಲಿಲ್ಲ. "ಆಂ?" ಎಂದಳು. ದನಿ ಎತ್ತಿ ಕೂಗಿದ. ಕೂಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

"ನೀವು ಕದ್ದು ಓದ್ತಿದ್ರಲ್ಲ, ಆ ಪುಸ್ತಕ ಮಾರಿಬಿಟ್ಟೆ ನಾನು."

ಬೆಲ್ಟು ಇನ್ನೂ ಮೆಲ್ಲಗೆ ತಿರುಗುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಎಂಟ್ಹತ್ತು ಜನ ತಿರುಗಿ ನೋಡಿದರು. ಓಬಣ್ಣ ಹಿಟ್ಟು ಮೆತ್ತಿದ ಹುಬ್ಬು ಏರಿಸಿ, "ಏನ್ ಕದ್ದೀಯಬೇ ಕೆಂಚಕ್ಕ?" ಎಂದು ನಕ್ಕ. ಕದ್ದು ಎಂಬ ಮಾತು ಎಲ್ಲಿಂದ ಬಂತೋ ಗುರುಬಸವರಾಜನಿಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಹೇಳಬಾರದೆಂದು ತೂಗಿದ ಮಾತುಗಳಲ್ಲಿ ಇದು ಇರಲೇ ಇಲ್ಲ. ಕೆಂಚಕ್ಕ ಎದ್ದು ನಿಂತಳು. "ನಾ ಯಾವ ಪುಸ್ತಕ ಓದ್ಲ್ಯೋ ಓಬಣ್ಣ, ರೊಟ್ಟಿ ಬಡಿಯೋ ಕೈ. ಅವರು ಯಾರನ್ನೋ ನೋಡಿ ನಾನಂತ ತಿಳಿದಾರ" ಎಂದಳು. ದನಿ ಸಹಜವಾಗಿತ್ತು. ಗುರುಬಸವರಾಜನ ಮುಖವನ್ನು ಮಾತ್ರ ನೋಡಲಿಲ್ಲ. ಅವನು "ಹೌದ್ರಿ, ತಪ್ಪಾತು, ಬ್ಯಾರೆಯವರು" ಎಂದು ಹೊರಗೆ ಬಂದ. ಬೇವಿನ ಮರದ ಕೆಳಗೆ ಹೋಗಿ ನಿಂತ. ದೊಡ್ಡಮ್ಮ ಅಕ್ಕರೆಯಿಂದಲಾದರೂ ಹೇಳಿದ್ದಳು.

ಕರೆಂಟು ಬಂದು ಅವಳ ಹಿಟ್ಟಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅವಳು ಹಾಗೆಯೇ ಹೋಗಿಬಿಡುತ್ತಾಳೆಂದು ಅವನು ಮುಖ ತಿರುಗಿಸಿ ನಿಂತಿದ್ದ. ಅವಳು ಬಂದು ಡಬ್ಬಿಯನ್ನು ಓಮ್ನಿಯ ಹಿಂದಿನ ಅಂಚಿನ ಮೇಲೆ, ಪುಸ್ತಕಗಳ ಪಕ್ಕ, ಕುಕ್ಕಿದಳು. ಹಿಟ್ಟು ಬಿಸಿಯಾಗಿತ್ತು, ಅದರ ಘಮ ಗಾಡಿಯೊಳಗೆ ಹೋಯಿತು.

"ಹಂಗಾರ ನಿಮಗ ಗೊತ್ತಿತ್ತು" ಎಂದಳು.

"ಗೊತ್ತಿತ್ತು."

"ಎಂದಿನಿಂದ?"

"ಅರವತ್ತೊಂದನೇ ಪುಟದಿಂದ."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಒಂದೊಂದು ವಾರವನ್ನೂ ತಿರುಗಿ ನೋಡುತ್ತಿದ್ದಾಳೆ, ರೇಟು ನೋಡಾಕತ್ತಿದ್ದೆ ಎಂದ ಒಂದೊಂದು ಸಲವನ್ನೂ, ಎಂದು ಅವನಿಗೆ ಅನ್ನಿಸಿತು. ಅವಳ ಕಿವಿ ಕೆಂಪಗಾಗಿತ್ತು. "ನಾನು ಇವರ ಕಣ್ಣು ತಪ್ಪಿಸಿ ಓದಾಕತ್ತೀನಿ ಅಂತಿದ್ದೆ. ನೀವು ನನಗ ಓದಾಕ ಬಿಟ್ಟಿದ್ರಿ" ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಅವಸರದಲ್ಲಿ ಹಲಗೆಯ ಕಡೆಗೆ ಕೈ ತೋರಿಸಿ, "ಬ್ಯಾರೆ ಯಾವುದರ ತಗೊಳ್ರಿ, ಮನಿಗೆ ಒಯ್ಯಿರಿ, ದುಡ್ಡು ಬ್ಯಾಡ" ಎಂದ. ಅಂದಮೇಲೆ ಅದೂ ತಪ್ಪೆಂದು ತಿಳಿಯಿತು. ಒಮ್ಮೆ ಜಾರಿದ ಕಾಲು ಜಾರುತ್ತಲೇ ಹೋಗುತ್ತದೆ. ಅವಳು ಪುಸ್ತಕಗಳ ಕಡೆಗೆ ನೋಡಲೂ ಇಲ್ಲ. ಡಬ್ಬಿಯ ಮುಚ್ಚಳ ಒತ್ತಿ ಸರಿಮಾಡಿ, ಹೊತ್ತುಕೊಳ್ಳಲು ಬಟ್ಟೆಯ ಸಿಂಬಿ ಸುತ್ತಿಕೊಳ್ಳುತ್ತ ಕೇಳಿದಳು.

"ಅದನ್ನರ ಹೇಳ್ರಿ. ಅಣ್ಣ ಬಂದು ಖಾನಾವಳಿ ಬಾಗಲಾಗ ನಿಂತಾನ, ಮುದುಕ ಆಗ್ಯಾನ, ಮನಿಗೆ ಬಾ ಅಂತ ಕರದಾನ. ಅಲ್ಲಿಗೆ ಬಂದಿದ್ದೆ. ಸೋಮವ್ವ ಏನ್ ಮಾಡ್ತಾಳ?"

ಅವನಿಗೆ ಕೊಡಲು ಉಳಿದಿದ್ದದ್ದು ಅದೊಂದೇ, ಅದೂ ಅವನ ಹತ್ತಿರ ಇರಲಿಲ್ಲ. ಓದಿಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಆದರೆ ಆರು ವರ್ಷದ ಅಭ್ಯಾಸ ನಾಲಿಗೆಯ ಮೇಲೆ ಮೊದಲೇ ಬಂದು ಕೂತಿತ್ತು. "ಏನ್ ಮಾಡ್ತಾಳ, ಎಷ್ಟಂದ್ರೂ ಒಡಹುಟ್ಟಿದವನಲ್ಲೇನ್ರಿ. ತಬ್ಕೊಂಡು ಅಳ್ತಾಳ. ಖಾನಾವಳಿಗೆ ಕೀಲಿ ಹಾಕಿ ಅಣ್ಣನ ಜೋಡಿ ಊರಿಗೆ ಹೋಗ್ತಾಳ" ಎಂದ. ಹೇಳುತ್ತ ಹೇಳುತ್ತ ಅವನಿಗೇ ನಂಬಿಕೆ ಬಂತು, ಕಣ್ಣಲ್ಲಿ ನೀರೂ ಬರುವಂತಾಯಿತು.

ಕೆಂಚಕ್ಕ ತಲೆಯಾಡಿಸಿದಳು. "ಇಲ್ರಿ. ಆಕಿ ಹಂಗ ಮಾಡಾಕಿ ಅಲ್ಲ."

"ಪುಸ್ತಕದಾಗ ಹಂಗ ಐತ್ರಿ."

"ಇಲ್ಲ. ಆಕಿ ಅವನನ್ನ ಒಳಗ ಕರೀತಾಳ. ಕುಂದ್ರಾಕ ಮಣಿ ಹಾಕ್ತಾಳ. ಬಿಸಿ ರೊಟ್ಟಿ ಬಡದು ನೀಡ್ತಾಳ, ಪಲ್ಯ ನೀಡ್ತಾಳ, ಮಜ್ಜಿಗಿ ನೀಡ್ತಾಳ, ಹೊಟ್ಟಿ ತುಂಬ ಉಣ್ಣಸ್ತಾಳ. ಉಂಡು ಎದ್ದಮ್ಯಾಲ ಊಟದ ದುಡ್ಡು ಇಸ್ಕೊಂತಾಳ. ಎಲ್ಲರಿಗೂ ಎಷ್ಟೋ ಅಷ್ಟ. ಪುಕ್ಕಟೆ ಹಾಕಿದ್ರ ಅವ ಅಣ್ಣ ಆಗ್ತಾನ, ಇಕಿ ತಂಗಿ ಆಗ್ತಾಳ, ಮತ್ತ ಮೊದಲಿಂದು ಶುರು. ದುಡ್ಡು ಇಸ್ಕೊಂಡ್ರ ಅವ ಗಿರಾಕಿ. ಗಿರಾಕಿ ಮ್ಯಾಲ ಸಿಟ್ಟಿರಾಂಗಿಲ್ಲ." ಎಂದೂ ಇಷ್ಟು ಮಾತಾಡಿದವಳಲ್ಲ. ಉಸಿರು ತೆಗೆದುಕೊಂಡು, ಅವನ ಮುಖವನ್ನು ಈಗ ನೇರವಾಗಿ ನೋಡಿದಳು. "ನೀವು ಎಷ್ಟು ಓದೀರಿ?"

ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. "ಮೂವತ್ತು ಪುಟ" ಎಂದ.

"ನಾನು ಇನ್ನೂರಾ ಆರು" ಎಂದಳು. ಅದರಲ್ಲಿ ಹೆಚ್ಚುಗಾರಿಕೆ ಇರಲಿಲ್ಲ, ಇದ್ದದ್ದನ್ನು ಹೇಳಿದಳು. ಸಿಂಬಿ ತಲೆಯ ಮೇಲಿಟ್ಟುಕೊಂಡಳು. "ಡಬ್ಬಿಗೆ ಕೈ ಹಚ್ರಿ" ಎಂದಳು. ಇಬ್ಬರೂ ಸೇರಿ ಡಬ್ಬಿ ಎತ್ತಿದರು. ತಲೆಯ ಮೇಲೆ ಭಾರ ಕೂತ ಮೇಲೆ, ಕುತ್ತಿಗೆ ಅಲುಗಿಸದೆ, ಮುಂದೆ ನೋಡುತ್ತಲೇ ಹೇಳಿದಳು. "ಅದನ್ನ ಓದಿ ಬರ್ರಿ. ಪೂರ್ತಿ ಓದಿ, ಇದ್ದದ್ದು ಇದ್ದಂಗ ಹೇಳಿದ್ರ ಬರೋ ಗುರುವಾರ ಇಲ್ಲಿ ಬರ್ತೀನಿ. ಮತ್ತ ಸುಳ್ಳು ಹೇಳೂದಾದ್ರ ಸಂತಿ ಹತ್ರ ಇನ್ನೊಂದು ಗಿರಣಿ ಐತಿ."

ಅವನು ಸಂಜೆಯವರೆಗೆ ಕಾಯಲಿಲ್ಲ. ಊಟದ ಡಬ್ಬಿಯನ್ನೂ ಬಿಚ್ಚದೆ ಓಮ್ನಿ ತಿರುಗಿಸಿಕೊಂಡು ಎರಡು ಗಂಟೆಗೆ ಕೊಟ್ಟೂರಿನಲ್ಲಿ ಶಿವಶಂಕರರ ಮನೆಯ ಮುಂದೆ ನಿಂತಿದ್ದ. ಅವರ ಹೆಂಡತಿ ವಾಣಿಶ್ರೀ ಬಾಗಿಲು ತೆರೆದರು. ಸರ್ ಕಾಲೇಜಿನಲ್ಲಿದ್ದರು. ಪುಸ್ತಕ ವಾಪಸು ಕೇಳುವುದೆಂದು ದಾರಿಯಲ್ಲಿ ಅಂದುಕೊಂಡಿದ್ದವನು, ಅವರ ಮುಖ ನೋಡಿದ ಮೇಲೆ, "ನಿನ್ನೆ ಸರ್ ಒಂದು ಪುಸ್ತಕ ತಂದಾರಲ್ರಿ, ಅದನ್ನ ಇಲ್ಲೇ ಕುಂತು ಓದಿ ಕೊಡ್ತೀನಿ" ಎಂದ. ಪುಸ್ತಕ ಮಾರಿದವನೇ ಮರುದಿನ ಬಂದು ಓದಲು ಕೇಳುವುದನ್ನು ಆಕೆ ಎಲ್ಲಿಯೂ ಕಂಡಿರಲಿಕ್ಕಿಲ್ಲ. ನಗು ತಡೆದುಕೊಂಡು ಗಾಜಿನ ಕಪಾಟಿನಿಂದ ತೆಗೆದು ಕೊಟ್ಟರು. ಮನೆಯಲ್ಲಿ ಗಂಡಸರಿಲ್ಲದ್ದರಿಂದ ಅವನು ಒಳಗೆ ಹೋಗದೆ ಹೊರಗಿನ ಕಟ್ಟೆಯ ಮೇಲೆ ಕೂತ. ಮೊದಲು ಇನ್ನೂರಾ ಏಳನೆಯ ಪುಟ ತೆರೆದ. ಒಂದು ಸಾಲೂ ಅರ್ಥವಾಗಲಿಲ್ಲ. ಯಾರ್ಯಾರೋ ಬಂದಿದ್ದರು, ಏನೇನೋ ಆಗಿಹೋಗಿತ್ತು, ಸೋಮವ್ವನ ತಲೆ ನೆರೆತಿತ್ತು. ಕೆಂಚಕ್ಕ ವರ್ಷವಿಡೀ ನಿಂತ ಕಾಲಿನ ಮೇಲೆ ನಡೆದ ದಾರಿಯನ್ನು ಕೊನೆಯ ತಿರುವಿನಲ್ಲಿ ಹಾರಿ ಹಿಡಿಯಲು ಬರುವಂತಿರಲಿಲ್ಲ. ಮೂವತ್ತೊಂದನೆಯ ಪುಟಕ್ಕೆ ಹಿಂದಿರುಗಿದ.

ಎಷ್ಟು ವರ್ಷವಾಗಿತ್ತು ಹೀಗೆ ಓದಿ. ಮೊದಲ ಅರ್ಧ ಗಂಟೆ ಬಿಡಿಸಿದ ಪುಟದ ಮೇಲೆ ಕಣ್ಣು ಓಡುತ್ತಿತ್ತೇ ಹೊರತು ಮನಸ್ಸು ಬೀದಿಯಲ್ಲಿತ್ತು. ಆಟೋ ಹೋದರೆ ಆಟೋ, ಕುಕ್ಕರ್ ಕೂಗಿದರೆ ಕುಕ್ಕರ್. ಆಮೇಲೆ ಮೂಲೆಯಲ್ಲಿ ಬಿಳಿ ಗುರುತೊಂದು ಬಂತು. ಇದು ಒಂದು ಗುರುವಾರ. ಮುಂದೆ ಇನ್ನೊಂದು. ಎರಡೇ ಪುಟಕ್ಕೆ ಬಂದದ್ದು ಗಿರಣಿ ಖಾಲಿಯಿದ್ದ ವಾರ. ಬಹಳ ಪುಟದವರೆಗೆ ಗುರುತೇ ಬರದೇ ಇದ್ದದ್ದು ಕರೆಂಟು ಹೋದ ವಾರ, ಆಗ ಸೋಮವ್ವನ ಖಾನಾವಳಿಗೆ ಬೆಂಕಿ ಬಿದ್ದಿತ್ತು, ಅದೃಷ್ಟಕ್ಕೆ ಒಂದೇ ಏಟಿಗೆ ಓದಲು ಸಿಕ್ಕಿತ್ತು. ಒಂದು ಗುರುತಿನ ಹತ್ತಿರ ಸೋಮವ್ವ ತಾಯಿಯ ಸಾವಿನ ಸುದ್ದಿ ಕೇಳಿ ಅರ್ಧ ಮಿದ್ದ ಹಿಟ್ಟನ್ನು ಹಾಗೆಯೇ ಬಿಟ್ಟು ಎದ್ದಿದ್ದಳು. ಅಲ್ಲಿಗೆ ಓದು ನಿಲ್ಲಿಸಿ ಕೆಂಚಕ್ಕ ತನ್ನ ಡಬ್ಬಿ ಹೊತ್ತುಕೊಂಡು ಮನೆಗೆ ಹೋಗಿ, ಏಳು ದಿನ ರೊಟ್ಟಿ ಬಡಿಯುತ್ತ, ಮುಂದೇನೆಂದು ತಿಳಿಯದೆ ಕಳೆದಿದ್ದಳು. ಇವನು ಪುಟ ತಿರುಗಿಸಿದ, ಅಷ್ಟೇ. ಅದಕ್ಕೆ ನಾಚಿಕೆಯಾಯಿತು. ಒಂದು ಮೂಲೆಯಲ್ಲಿ ಗುರುತು ಒರೆಸಿ ಹೋಗಿತ್ತು, ಕರ್ಚೀಫಿನ ಕೆಲಸ. ಇನ್ನೂರಾ ಆರರಲ್ಲಿ ಕೊನೆಯದು. ಅದರಾಚೆಯ ಹಾಳೆಗಳು ಶುಭ್ರವಾಗಿದ್ದವು.

ಐದು ಗಂಟೆಗೆ ಶಿವಶಂಕರ ಬಂದು, ಕಟ್ಟೆಯ ಮೇಲೆ ತಮ್ಮ ಪುಸ್ತಕ ಹಿಡಿದು ಕೂತವನನ್ನು ನೋಡಿ ನಿಂತರು. "ಓದೀನಿ ಅಂದಿದ್ರಿ ನಿನ್ನೆ" ಎಂದರು. "ಸುಳ್ಳು ಹೇಳಿದ್ದೆ ಸರ್" ಎಂದ. ಹೇಳುವಾಗ ಅವನ ಬೆರಳು ಸಾಲಿನ ಮೇಲೆಯೇ ಇತ್ತು, ಓದು ತಪ್ಪಿಹೋಗದಿರಲಿ ಎಂದು. ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ವಾಣಿಶ್ರೀ ಚಹಾ ತಂದಿಟ್ಟರು, ಅದು ಆರಿತು. ಮಬ್ಬು ಕವಿಯುತ್ತಿದ್ದಾಗ ಕೊನೆಯ ಪುಟಕ್ಕೆ ಬಂದ.

ಸೋಮವ್ವ ಅಣ್ಣನನ್ನು ತಬ್ಬಿಕೊಂಡು ಅತ್ತಳು. ಖಾನಾವಳಿಗೆ ಬೀಗ ಹಾಕಿದಳು. ಅಣ್ಣನ ಜೊತೆ ಊರಿಗೆ ಹೋದಳು.

ಅವನು ಆ ಪುಟವನ್ನು ಮತ್ತೆ ಓದಿದ. ಮುಂದೆ ಹಾಳೆಯಿರಲಿಲ್ಲ, ಹರಿದ ಗುರುತೂ ಇರಲಿಲ್ಲ. ಮಧ್ಯಾಹ್ನ ಬೇವಿನ ಮರದ ಕೆಳಗೆ ತಾನು ಹೆಣೆದ ಸುಳ್ಳು ಅಕ್ಷರಕ್ಕಕ್ಷರ ಅಚ್ಚಾಗಿತ್ತು. ಇದನ್ನು ಇದ್ದದ್ದು ಇದ್ದಂತೆ ಹೇಳಿದರೆ ಕೆಂಚಕ್ಕ ನಂಬುವುದಿಲ್ಲ. ಮತ್ತೆ ಸುಳ್ಳು ಎಂದು ಸಂತೆಯ ಹತ್ತಿರದ ಗಿರಣಿಗೆ ಹೋಗುತ್ತಾಳೆ. ಅವಳ ಕೊನೆಯನ್ನೇ ಪುಸ್ತಕದ್ದೆಂದು ಹೇಳಿದರೆ ಬರುತ್ತಾಳೆ, ಆದರೆ ಅದೇ ನಿಜವಾದ ಸುಳ್ಳು. ಭಯವಾಗಬೇಕಿತ್ತು. ಅದಕ್ಕಿಂತ ಮೊದಲು ಸಿಟ್ಟು ಬಂತು, ಬರೆದವರ ಮೇಲೆ. ಇನ್ನೂರಕ್ಕೂ ಹೆಚ್ಚು ಪುಟ ಜೊತೆಗೇ ಬಂದು, ಸುಟ್ಟ ಖಾನಾವಳಿಯನ್ನು ಅವಳು ಮತ್ತೆ ಕಟ್ಟಿದ್ದನ್ನು ತನ್ನ ಕೈಯಾರೆ ಬರೆದು, ಇವಳು ಹೀಗೆ ಬೀಗ ಹಾಕಿ ಹೋಗುವವಳಲ್ಲ ಎಂದು ಗೊತ್ತಾಗಲಿಲ್ಲವೇ. ಮೂವತ್ತು ಪುಟ ಮಾತ್ರ ಗೊತ್ತಿದ್ದವನಿಗೆ ಹೊಳೆಯುವ ಕೊನೆ ಇದು. ಆಕಿ ಹಂಗ ಮಾಡಾಕಿ ಅಲ್ಲ ಎಂದು ಅವನ ಬಾಯಿಯಲ್ಲೇ ಬಂತು, ಪಕ್ಕದಲ್ಲಿ ಯಾರಿಗೋ ಹೇಳಿದ ಹಾಗೆ.

ವಾಣಿಶ್ರೀ ಹೊರಗಿನ ದೀಪ ಹಾಕಿ, ಆರಿದ ಚಹಾದ ಲೋಟ ಎತ್ತಿಕೊಂಡರು. "ಮುಗೀತೇನ್ರಿ? ನಾನೂ ಓದಬೇಕಂತ ಮಾಡೀನಿ. ಕೊನಿಗೆ ಆಕಿ ಏನ್ ಮಾಡ್ತಾಳ?" ಎಂದರು.

ಅವನು ಪುಸ್ತಕವನ್ನು ಎರಡೂ ಕೈಯಿಂದ ಅವರಿಗೆ ಕೊಟ್ಟ.

"ಪುಸ್ತಕದಾಗ ಒಂದು ಬರದಾರ್ರಿ" ಎಂದ. "ಅದು ಖರೇನೋ ಅಲ್ಲೋ ಗೊತ್ತಿಲ್ಲ. ಗುರುವಾರ ಬೊಮ್ಮನಹಳ್ಳಿಯಾಗ ಒಬ್ಬರನ್ನ ಕೇಳಬೇಕು. ಕೇಳಿ ಬಂದು ಹೇಳ್ತೀನಿ."